ಮೆಕ್ಕೆಜೋಳಕ್ಕ ಹಸಿ ನೋಡ್ತೀವಿ, ತಲಬಾಗಿಲಿಗೆ ಯಾಕ ನೋಡಂಗಿಲ್ಲ?

ಈ ವಾರ ಮಲ್ಲಿಗಿ ಗಿಡ ಸವರೋದರ ಬಗ್ಗೆ ಬರೀತೀನಿ ಅಂದಿದ್ದೆ. ಅದು ಮುಂದಿನ ವಾರ. ಇವತ್ತು ತಲಬಾಗಿಲ ಬಗ್ಗೆ ಬರಿಯೋದೈತಿ. ಯಾಕಂದ್ರ ನಮ್ಮ ಸೋದರಮಾವನ ಮಗ ಮೊನ್ನೆ ಹೊಲಕ್ಕ ಬಂದು, "ಅಣ್ಣಾ, ಭರತ ಹುಣ್ಣಿಮಿ ಜಾತ್ರಿಗೆ ಬೀಗರು ಬರ್ತಾರ, ಅಷ್ಟರಾಗ ಬಾಗಿಲು ನಿಲ್ಲಿಸಬೇಕು. ಯಾವುದು ತರ್ಲಿ?" ಅಂತ ಕೇಳಿದ. ಫೋನಿನಾಗ ನಾಕು ಫೋಟೋ ತೋರಿಸಿದ. ನಾಕೂ ಸಾಗುವಾನಿ ಇದ್ದಂಗ ಕಾಣ್ತಾವ. ಆದರ ಒಂದು ಸ್ಟೀಲು, ಒಂದು ಫ್ಲಶ್ ಡೋರು, ಒಂದು ಡಬ್ಲ್ಯುಪಿಸಿ, ಕಡೀದು ಒಂದು ಖರೇ ಕಟ್ಟಿಗಿ. ನಾಕರ ಮ್ಯಾಲೂ ಅದೇ ನವಿಲು, ಅದೇ ಬಣ್ಣ.

"ಜಾತ್ರಿಗೆ ಅಂತ ತರೋದಾದ್ರ ನಾಕೂ ಬ್ಯಾಡ" ಅಂದೆ. ಅವನಿಗೆ ಸಿಟ್ಟು ಬಂತು. "ನೀ ಹೇಳಿದ್ದು ನೀನಾ ಮಾಡಲಿಲ್ಲ" ಅಂದ. ಅದು ಖರೇ. ನಾನು ಮಾಡಲಿಲ್ಲ, ಅದಕ್ಕಾ ಹೇಳಾಕ ನನಗ ಹಕ್ಕು ಬಂದೈತಿ.

ಮೊದಲು ಒಂದು ಮಾತು. ನಾವು ಮೆಕ್ಕೆಜೋಳ ಮಾರಾಕ ಒಯ್ದಾಗ ಏನಾಗತೈತಿ? ಖರೀದಿದಾರ ಚೀಲಕ್ಕ ಬಂಬು ಚುಚ್ಚಿ ಕಾಳು ತಗೀತಾನ, ಮಷೀನಿಗೆ ಹಾಕ್ತಾನ, 14 ಪರ್ಸೆಂಟಿಗಿಂತ ಹಸಿ ಜಾಸ್ತಿ ಇದ್ರ ರೇಟು ಮುರೀತಾನ. ನಾವು ಬೈಕೋತ ಸುಮ್ಮನಾಗ್ತೀವಿ, ಯಾಕಂದ್ರ ಹಸಿ ಕಾಳು ಕೆಡತೈತಿ ಅನ್ನೋದು ನಮಗೂ ಗೊತ್ತು. ಇಷ್ಟು ಗೊತ್ತಿರೋ ನಾವು, ಬೆಳಿ ಮಾರಿ ಬಂದ ಅದೇ ರೊಕ್ಕ ಹಿಡಕೊಂಡು ಬಾಗಿಲಂಗಡಿಗೆ ಹೋದಾಗ ಕೇಳೋದೇನು? "ಡಿಸೈನ್ ತೋರಸ್ರಿ." ಕಟ್ಟಿಗ್ಯಾಗ ಎಷ್ಟು ಹಸಿ ಐತಿ ಅಂತ ಕೇಳಿದ ಒಬ್ಬ ಮನುಷ್ಯಾನ್ನ ನಾನು ನೋಡಿಲ್ಲ. ಕಟ್ಟಿಗಿಗೂ ಕೈಯಾಗ ಹಿಡಿಯೋ ಅಂಥದ್ದೇ ಮಷೀನು ಐತಿ, ಎರಡು ಮುಳ್ಳು ಚುಚ್ಚಿದ್ರ ಲೆಕ್ಕ ತೋರಸತೈತಿ. ನಮ್ಮಂಥ ಬಯಲುಸೀಮ್ಯಾಗ ಬಾಗಿಲಿಗೆ ಹಾಕೋ ಕಟ್ಟಿಗಿ 12 ಪರ್ಸೆಂಟಿನ ಆಸುಪಾಸು ಇರಬೇಕು. ಆಗತಾನ ಕಡದ ಮರದಾಗ ಅದು 50 ದಾಟಿರತೈತಿ. ಇವೆರಡರ ನಡುವಿನ ನೀರು ನಮ್ಮ ಮನ್ಯಾಗ ನಿಂತ ಮ್ಯಾಲೆ ಆರಿದ್ರ ಬಾಗಿಲು ಸೊಟ್ಟ ಆಗೋದು, ಸೀಳೋದು, ಸಂದಿ ಬಿಡೋದು ಎಲ್ಲಾ ನಮ್ಮ ಪಾಲಿಗೆ.

ಈಗ ನನ್ನ ಕಥಿ. ಹಳೇ ಮಾಳಿಗಿ ಮನಿ ಕೆಡವಿದಾಗ ಮುತ್ತಜ್ಜನ ಕಾಲದ ತಲಬಾಗಿಲು ಇತ್ತು. ಗಿಡ್ಡ ಬಾಗಿಲು, ತಲಿ ಬಗ್ಗಿಸಿ ಒಳಗ ಬರಬೇಕು. ಇಂಜಸ್ ಇರಲಿಲ್ಲ, ಕದದ ಮೂಲ್ಯಾಗ ಬಿಟ್ಟ ಗೂಟ ಹೊಸ್ತಿಲ ಕುಣ್ಯಾಗ ಕುಂತು ತಿರಗತಿತ್ತು. ಹಳೇ ಸಾಮಾನಿನವ ಟೆಂಪೋ ತಂದ, 6,000 ಕೊಟ್ಟ, ನಾಕು ಮಂದಿ ಹಿಡಿದು ಎತ್ತಿ ಹಾಕ್ಯಂಡು ಹೋದ್ರು. ನಾಕು ಮಂದಿ ಬೇಕಾತು ಅನ್ನೋದಾದ್ರೂ ನನ್ನ ತಲಿಗೆ ಹೊಳೀಬೇಕಿತ್ತು. ಹೊಳೀಲಿಲ್ಲ. ಹೊಸ ಮನಿಗೆ ಪ್ಯಾಟಿಯಿಂದ "ಅಪ್ಪಟ ಸಾಗುವಾನಿ" ಅಂತ ಒಂದು ರೆಡಿಮೇಡ್ ಬಾಗಿಲು ತಂದೆ. ಚೌಕಟ್ಟು ಸಮೇತ 38,000. ಆ ಬಾಗಿಲನ್ನ ಇಬ್ಬರು ಹುಡುಗರು ನಗ್ಯಾಡಕೋತ ಇಳಿಸಿದ್ರು. ಅದೂ ಹೊಳೀಲಿಲ್ಲ.

ಲೆಕ್ಕ ಮಾಡಿ ನೋಡ್ರಿ, ನಾನು ಆಮ್ಯಾಲೆ ಮಾಡಿದೆ. ಏಳಡಿ ಎತ್ತರ, ಮೂರೂವರೆ ಅಡಿ ಅಗಲ, ಒಂದೂವರೆ ಇಂಚು ದಪ್ಪದ ಕದ ಅಂದ್ರ ಮೂರು ಘನ ಅಡಿ ಕಟ್ಟಿಗಿ. ಒಣ ಸಾಗುವಾನಿ ಘನ ಅಡಿಗೆ ಸುಮಾರು 18 ಕೆಜಿ ತೂಗತೈತಿ. ಅಂದ್ರ ಕದ ಒಂದಾ 50 ಕೆಜಿ ಮ್ಯಾಲೆ ಬರಬೇಕು; ನಡುವಿನ ಹಲಗಿ ತೆಳ್ಳಗಿದ್ರ ಒಂದಿಷ್ಟು ಕಡಿಮಿ ಹಿಡೀರಿ. ಒಂದು ಗೊಬ್ಬರದ ಚೀಲದ ತೂಕ. ನಾವು ಚೀಲ ಎತ್ತೋ ಮಂದಿ, ಬಾಗಿಲು ಯಾಕ ಎತ್ತಿ ನೋಡಂಗಿಲ್ಲ?

ಹೋದ ವರ್ಷ ಜುಲೈನಾಗ ನಾಕು ದಿನ ಜಿಟಿಜಿಟಿ ಮಳಿ ಹಿಡೀತಲ್ಲ, ಐದನೇ ದಿನ ಹೊಳವಾತು ಅಂತ ಎಲ್ಲಾರೂ ಹೊಲಕ್ಕ ಹೋದ್ವಿ. ನಾನು ಗೊಬ್ಬರಕ್ಕ ಹಡಗಲಿಗೆ ಹೋದೆ. ಮನ್ಯಾಗ ಅವ್ವ ಒಬ್ಬಾಕಿ. ಹಿತ್ತಲ ಬಾಗಿಲಿಗೆ ಹೊರಗಿನಿಂದ ಬೀಗ. ತಲಬಾಗಿಲು ಎಳಕೊಂಡು ಹೋಗಿದ್ವಿ, ಅದು ಚೌಕಟ್ಟಿನಾಗ ಉಬ್ಬಿ ಕುಂತುಬಿಟ್ಟಿತು. ಅವ್ವಗ ಎಪ್ಪತ್ನಾಕು ವರ್ಷ, ಮೊಣಕಾಲು ಹಿಡೀತೈತಿ. ಎಳದ್ಲು, ಬರಲಿಲ್ಲ. ಎರಡು ಕೈಲೆ ಎಳದ್ಲು, ಹಿಡಿಕಿ ಕಿತ್ತು ಕೈಗೆ ಬಂತು, ಹಿಂದಕ್ಕ ಬಿದ್ಲು. ಓಣ್ಯಾಗ ಯಾರೂ ಇಲ್ಲ, ಎಲ್ಲಾರೂ ಹೊಲದಾಗ. ಮಧ್ಯಾಹ್ನ ಸಾಲಿ ಬಿಟ್ಟ ಹುಡುಗರು ಅಳೋದು ಕೇಳಿ ಓಡಿ ಹೋಗಿ ಕರಕೊಂಡು ಬಂದ್ರು. ಹಾರಿ ಹಾಕಿ ಮೀಟಿ ಬಾಗಿಲು ಒಡದ್ವಿ. ಅವ್ವಗ ಸೊಂಟದ ಎಲುಬು ಮುರಿದಿರಲಿಲ್ಲ, ಮೈಲಾರಲಿಂಗಪ್ಪನ ದಯೆ. ಆದರ ಅವತ್ತಿನಿಂದ ಆಕಿ ಒಬ್ಬಾಕಿ ಇದ್ದಾಗ ಬಾಗಿಲು ಹಾಕ್ಕೊಳ್ಳಂಗಿಲ್ಲ. ಹಗಲು ಹೊತ್ತು ತೆರದಾ ಇರತೈತಿ, ನಾಯಿ ಬಂದ್ರೂ ಸರಿ.

ಒಡದ ಬಾಗಿಲ ಹೊಟ್ಟಿ ನೋಡಿದಾಗ ನನ್ನ ಹೊಟ್ಟಿ ಉರೀತು. ಮ್ಯಾಲೆ ಸಾಗುವಾನಿ ಐತಿ, ಸುಳ್ಳಲ್ಲ. ಕಾಗದದಷ್ಟು ತೆಳು ಪದರ. ಅದರ ಕೆಳಗ ಬೆಳ್ಳನೆ ಹಗುರ ಕಟ್ಟಿಗಿಯ ತುಂಡುಗಳನ್ನ ಹಲ್ಲು ಕೂಡಿಸಿದಂಗ ಅಂಟಿಸ್ಯಾರ. ಕೆಳಗಿನ ಅಂಚಿಗೆ ಬಣ್ಣಾನೂ ಇಲ್ಲ, ಪಾಲಿಶೂ ಇಲ್ಲ, ಬರೇ ಕಟ್ಟಿಗಿ. ದಿನಾ ಬೆಳಿಗ್ಗೆ ಹೊಸ್ತಿಲು ತೊಳದು ಅರಿಷಿಣ-ಕುಂಕುಮ ಹಚ್ಚೋ ನೀರು ಎಲ್ಲಾ ಅಲ್ಲಿಂದ ಮ್ಯಾಲಕ್ಕ ಹೀರಿಕೊಂಡೈತಿ. ಅಂಗಡಿಯವಗ ಕೇಳಿದ್ರ, "ನಿಮ್ಮ ಮನ್ಯಾಗ ಥಂಡಿ ಜಾಸ್ತಿ ಐತಿ ಯಜಮಾನ್ರ" ಅಂದ. ಮೈಲಾರದಾಗ ಥಂಡಿ! ಏಪ್ರಿಲ್‌ನಾಗ ಬಂದು ನಮ್ಮ ಕಟ್ಟಿ ಮ್ಯಾಲೆ ಬರಿಗಾಲಿನ್ಯಾಗ ನಿಂದ್ರು ಅನ್ನಬೇಕಿತ್ತು.

ಇಲ್ಲಿಗೆ ಬಂದ್ವಿ ನೋಡ್ರಿ ವಿಷಯಕ್ಕ. ನಮ್ಮ ಕಡೆ ಬಾಗಿಲು ಏನೇನು ತಾಳಬೇಕು? ಬ್ಯಾಸಿಗ್ಯಾಗ 40 ಡಿಗ್ರಿ ಬಿಸಿಲು, ಪಡುವಣ ದಿಕ್ಕಿಗೆ ಮನಿ ಇದ್ರ ಮಧ್ಯಾಹ್ನದಿಂದ ಸಂಜಿ ತನಕ ನೇರ ಮಾರಿಗೆ. ಮಳಿಗಾಲದಾಗ ಹೊಳಿ ದಂಡಿಯ ಗಾಳಿ. ಬುಡದಾಗ ದಿನಾ ನೀರು, ಸಗಣಿ. ನೆಲದಾಗ ಗೆದ್ದಲ. ಇವು ನಾಕು. ಕಳ್ಳರು ಐದನೇದು, ಅವರ ಬಗ್ಗೆ ಆಮ್ಯಾಲೆ ಹೇಳ್ತೀನಿ. ಫೋಟೋದಾಗಿನ ನವಿಲು ಈ ಐದರಾಗ ಯಾವುದಕ್ಕೂ ಉತ್ತರ ಅಲ್ಲ.

ಸ್ಟೀಲ್ ಬಾಗಿಲು. ಅದಕ್ಕ ಗೆದ್ದಲ ಹತ್ತಂಗಿಲ್ಲ, ಉಬ್ಬಂಗಿಲ್ಲ, ಒಪ್ಪಿದೆ. ಆದರ ಬಾಳಷ್ಟು ಜನ ಅದು ಒಳಗೂ ಕಬ್ಬಿಣ ಅಂತ ತಿಳಕೊಂಡಾರ. ಎರಡು ಕಡೆ ತೆಳು ತಗಡು, ನಡುವ ಜೇನುಗೂಡಿನಂಗ ಮಡಿಚಿದ ರಟ್ಟು, ಇಲ್ಲಾ ಫೋಮು. ಕಟ್ಟಿಗಿ ಗೆರಿ ಇರೋದು ಅಚ್ಚು ಒತ್ತಿದ್ದು. ಮಕ್ಕಳು ಎತ್ತಿನ ಹಗ್ಗದ ಕಡಗ ಒಗದ್ರ ತಗ್ಗು ಬೀಳತೈತಿ, ಆ ತಗ್ಗು ತಗಿಯೋ ಬಡಿಗೇರ ಹುಟ್ಟಿಲ್ಲ. ಬಣ್ಣ ಕೆರದ ಜಾಗದಾಗ, ಅದರಾಗೂ ಬುಡದಾಗ, ತುಕ್ಕು. ಬಿಸಿಲಿಗೆ ಎದುರಿಟ್ರ ಮಧ್ಯಾಹ್ನ ಚಿಲಕ ಮುಟ್ಟಾಕ ಆಗಂಗಿಲ್ಲ. ಮುಂದ ಪಡಸಾಲಿ ಇದ್ದು ಬಿಸಿಲು-ನೀರು ತಾಗದಂಗಿದ್ರ ಸ್ಟೀಲು ತಪ್ಪಲ್ಲ, ಬಾಡಿಗಿ ಮನಿಗೆ, ಗೊಬ್ಬರದ ಕ್ವಾಣಿಗೆ ಅದಾ ಬೆಸ್ಟು. ನಾನು ತಕರಾರು ಮಾಡೋದು, ಅದನ್ನ ಕಟ್ಟಿಗಿ ವೇಷದಾಗ ಕಟ್ಟಿಗಿ ರೇಟಿಗೆ ಕೊಳ್ಳೋದಕ್ಕ. ತಗಡು ತಗಡಿನ ಬಣ್ಣದಾಗ ಇರಲಿ, ನಾಚಿಕಿ ಏನೈತಿ?

ಡಬ್ಲ್ಯುಪಿಸಿ ಅಂದ್ರ ಕಟ್ಟಿಗಿ ಪುಡಿ ಮತ್ತು ಪ್ಲಾಸ್ಟಿಕ್ ಕಲಿಸಿ ಮಾಡಿದ್ದು. ಬಚ್ಚಲಮನಿಗೆ ಅದರಂಥದ್ದು ಬ್ಯಾರೆ ಇಲ್ಲ. ಬಿಸಿಲಿಗೆ ಎದುರಿರೋ ತಲಬಾಗಿಲಿಗೆ ಅದನ್ನ ಹಾಕಿ, ಮ್ಯಾಲೆ ಕಪ್ಪುಗೆಂಪು ಬಣ್ಣ ಬಳದ್ರ, ಪ್ಲಾಸ್ಟಿಕ್ ಕಾದು ಮೆತ್ತಗಾಗಿ ಬಾಗತೈತಿ. ನಮ್ಮ ಡ್ರಿಪ್ ಪೈಪು ಬಿಸಿಲಾಗ ಬಿದ್ರ ಏನಾಗತೈತಿ ಅಂತ ನಿಮಗ ನಾನು ಹೇಳಬೇಕಾ?

ಫ್ಲಶ್ ಡೋರಿನ ಮ್ಯಾಲೆ ನನಗ ಅಷ್ಟು ಸಿಟ್ಟಿಲ್ಲ. ಒಳಕೋಣಿಗೆ ಛಲೋ. ಕೊಳ್ಳೋರು ಐಎಸ್ 2202 ಗುರುತು ಐತೇನು ನೋಡ್ರಿ, ನೀರಿಗೆ ಬಿಡದ ಅಂಟು ಹೌದೋ ಅಲ್ಲೋ ಬಿಲ್ಲಿನ ಮ್ಯಾಲೆ ಬರಸಿಕೊಳ್ರಿ. ಬಾಯಿಮಾತು ಬ್ಯಾಡ.

ಇನ್ನು ಸಾಗುವಾನಿ. ಇದರ ಮ್ಯಾಲೆ ಮಾತಾಡಿದ್ರ ಬಾಳ ಮಂದಿಗೆ ದೇವರ ಮ್ಯಾಲೆ ಮಾತಾಡಿದಂಗ ಆಗತೈತಿ. ಸಾಗುವಾನಿ ದೊಡ್ಡ ಕಟ್ಟಿಗಿ, ಸಂಶಯ ಇಲ್ಲ. ಒಣಗಿದಾಗ ಕುಗ್ಗೋದು ಕಡಿಮಿ, ಒಳಗಿನ ಎಣ್ಣಿಯಂಥ ಅಂಶಕ್ಕ ಗೆದ್ದಲ ಬಾಯಿ ಹಾಕಂಗಿಲ್ಲ. ಆದರ ಆ ಗುಣ ಇರೋದು ಕೆಚ್ಚಿನ್ಯಾಗ. ಹೊರಗಿನ ಬಿಳಿಭಾಗದಾಗ ಇಲ್ಲ. ಬಿಳಿಭಾಗವನ್ನ ಗೆದ್ದಲ ಹಪ್ಪಳ ತಿಂದಂಗ ತಿಂತೈತಿ. ಹದಿನೈದು-ಇಪ್ಪತ್ತು ವರ್ಷಕ್ಕ ಕಡದ ತೋಟದ ಸಾಗುವಾನ್ಯಾಗ ಕೆಚ್ಚು ಇನ್ನೂ ಸಣ್ಣದಿರತೈತಿ, ಬಿಳೀನ ಜಾಸ್ತಿ. ಅಂಗಡ್ಯಾಗ ಕಂದು ಪಾಲಿಶ್ ಹೊಡದ್ರ ಎರಡೂ ಒಂದಾ ಬಣ್ಣ. ಬರ್ಮಾ ಸಾಗುವಾನಿ ಅಂತ ಇನ್ನೂ ಹೇಳಿ ಮಾರೋರು ಅದಾರ; ಬರ್ಮಾದವರು 2014ರಾಗ ದಿಮ್ಮಿ ರಫ್ತು ನಿಲ್ಲಿಸ್ಯಾರ. ಆಫ್ರಿಕಾದಿಂದ, ದಕ್ಷಿಣ ಅಮೆರಿಕಾದಿಂದ ಹಡಗಿನ್ಯಾಗ ಬರೋ ತೋಟದ ಸಾಗುವಾನೀನ ಇವತ್ತು ಬಾಳ ಕಡೆ ಸಿಗೋದು. ಕೆಟ್ಟದ್ದಂತ ಅಲ್ಲ. ಆದರ ಹೆಸರಿಗೆ ರೊಕ್ಕ ಕೊಡಬ್ಯಾಡ್ರಿ, ಕೆಚ್ಚಿಗೆ ಕೊಡ್ರಿ. ಪಾಲಿಶ್ ಆಗೋಕ ಮುಂಚೆ ನೋಡ್ರಿ. ಆಗಿ ಹೋಗಿದ್ರ ಬಾಗಿಲ ನೆತ್ತಿ ಮತ್ತು ಬುಡದ ಅಂಚು ನೋಡ್ರಿ, ಮೋಸ ಇದ್ರ ಅಲ್ಲಿ ಕಾಣತೈತಿ. ಯಾಕಂದ್ರ ಅಲ್ಲಿ ಯಾರೂ ನೋಡಂಗಿಲ್ಲ ಅಂತ ಅವರಿಗೆ ಗೊತ್ತು.

ಈಗ ನನ್ನ ಮುಖ್ಯ ಜಗಳ. ನಮ್ಮ ಬದುವಿನ ಮ್ಯಾಲೆ ಅಜ್ಜ ಹಚ್ಚಿದ ಬೇವು ನಿಂತಾವ. ಹಳ್ಳದ ದಂಡಿಗೆ ಕರಿಜಾಲಿ ನಿಂತಾವ. ಟ್ರ್ಯಾಕ್ಟರ್ ತಿರುಗಾಕ ಅಡ್ಡ ಆಗತೈತಿ, ನೆರಳಿಗೆ ಬೆಳಿ ಬರಂಗಿಲ್ಲ ಅಂತ ಅವನ್ನ ಸುಡೋ ಕಟ್ಟಿಗಿಗೆ ಟನ್ನಿನ ಲೆಕ್ಕದಾಗ ಕೊಟ್ಟು, ಬಂದ ರೊಕ್ಕಕ್ಕ ಹತ್ತು ಪಟ್ಟು ಸಾಲ ಸೇರಿಸಿ ಪ್ಯಾಟಿಯಿಂದ ಬೆಳ್ಳನೆ ತುಂಡು ಅಂಟಿಸಿದ ಬಾಗಿಲು ತರ್ತೀವಿ. ಇದನ್ನ ನಾನೂ ಮಾಡೀನಿ. ನನ್ನ ಒಂದು ಬೇವು ಯಾವುದೋ ಇಟ್ಟಂಗಿ ಭಟ್ಟಿಯೊಳಗ ಉರೀತು.

"ಬೇವಿನ ಕಟ್ಟಿಗಿ ಸೊಟ್ಟ ಆಗತೈತಿ, ಜಾಲಿಗೆ ಹುಳ ಬೀಳತೈತಿ" ಅಂತಾರ. ಹೌದ್ರಿ, ಆಗತೈತಿ. ಹಸೀದಾಗ ಕೊಯ್ದು ಹಸೀದಾಗ ಹೊಡದ್ರ ಯಾವುದು ಆಗಂಗಿಲ್ಲ? ಬೇವಿನ ನಾರು ಒಂದಕ್ಕೊಂದು ಹೆಣೆದಂಗಿರತೈತಿ, ಬಿಸಿಲಾಗ ಇಟ್ಟು ಅವಸರಕ್ಕ ಒಣಗಿಸಿದ್ರ ತಿರುಚತೈತಿ. ನೆರಳಾಗ, ಗಾಳ್ಯಾಡೋ ಜಾಗದಾಗ, ಹಲಗಿ ಹಲಗಿ ನಡುವ ಪಟ್ಟಿ ಕೊಟ್ಟು, ಮ್ಯಾಲೆ ಭಾರ ಹೇರಿ ಒಣಗಿಸಿದ್ರ ಸುಮ್ಮನ ಕುಂದ್ರತೈತಿ. ಕರಿಜಾಲಿ ವಿಷಯಕ್ಕ ನಾನು ಹೇಳೋದು ಬ್ಯಾಡ, ಜಾತ್ರಿಗೆ ಬರೋ ಬಂಡಿ ನೋಡ್ರಿ. ಗಾಲಿ ಯಾವುದರದ್ದು? ಎಷ್ಟು ಹಳ್ಳ ದಾಟಿ, ನೀರಾಗ ನೆಂದು, ಬಿಸಿಲಾಗ ಕಾದು, ಕಲ್ಲಿನ ಮ್ಯಾಲೆ ಕುಣದು ಬಂದಾವ. ನಮ್ಮ ಬಡಿಗೇರ ಕಾಕಾ ಹೇಳತಿದ್ದ: ಜಾಲಿ ದಿಮ್ಮೀನ ಕೆರಿ ಕೆಸರಿನ್ಯಾಗ ಕೆಲವು ತಿಂಗಳು ಮುಳುಗಿಸಿ ಇಡಬೇಕು, ಒಳಗಿನ ಹಾಲು ಹೋಗತೈತಿ, ಆಮ್ಯಾಲೆ ಹುಳಕ್ಕ ತಿನ್ನಾಕ ಏನೂ ಉಳಿಯಂಗಿಲ್ಲ ಅಂತ. ಅದರಾಗ ಸತ್ಯ ಐತಿ. ಹುಳ ಬರೋದು ಬಿಳಿಭಾಗದ ಗಂಜಿಯಂಥ ಅಂಶಕ್ಕ, ನೀರಾಗ ಇಟ್ರ ಅದು ತೊಳದು ಹೋಗತೈತಿ. ಅಮಾವಾಸ್ಯಿಗೆ ಕಡದ್ರ ಹುಳ ಬೀಳಂಗಿಲ್ಲ ಅನ್ನೋದು ಎಷ್ಟರ ಮಟ್ಟಿಗೆ ಖರೇ ಅಂತ ನಾನು ವಾದ ಮಾಡಂಗಿಲ್ಲ; ಚಳಿಗಾಲದಾಗ ಕಡೀರಿ ಸಾಕು, ಕಟ್ಟಿಗಿ ನಿಧಾನಕ್ಕ ಆರತೈತಿ.

ನನ್ನ ಅಭಿಪ್ರಾಯ ಕೇಳಿದ್ರ: ಹೊಸ್ತಿಲು ಕಲ್ಲಿಂದು, ಇಲ್ಲಾ ಕರಿಜಾಲಿ ಕೆಚ್ಚು. ಚೌಕಟ್ಟು ಬೇವಿನ ಕೆಚ್ಚು, ಐದು ಇಂಚು ಮೂರು ಇಂಚು. ಚೌಕಟ್ಟಿನ ಕಾಲು ನೆಲದಾಗ ಹೂಳಬ್ಯಾಡ್ರಿ, ಕಲ್ಲಿನ ಮ್ಯಾಲೆ ಕುಂದ್ರಲಿ, ಗೆದ್ದಲ ಮಣ್ಣಿನಿಂದ ನೇರ ಹತ್ತಬಾರದು. ಕದ ಬೇವು, ಇಲ್ಲಾ ಬದುವಿನ ಮ್ಯಾಲೆ ಮೂವತ್ತು ವರ್ಷ ಬೆಳದ ಸಾಗುವಾನಿ ಇದ್ರ ಅದು. ಒಂದಾ ಮರದ್ದು ಆಗಬೇಕು ಅನ್ನೋ ಶಾಸ್ತ್ರದವರು ಬೇವಿನ್ಯಾಗಾ ಎಲ್ಲಾ ಮಾಡಿಸ್ರಿ, ನನ್ನ ತಕರಾರಿಲ್ಲ. ಕೊಯ್ಯೋವಾಗ ಹಾಳಾಗೋದು ಸೇರಿ ಏಳೆಂಟು ಘನ ಅಡಿ ಒಳ್ಳೆ ಕಟ್ಟಿಗಿ ಇದ್ರ ಒಂದು ತಲಬಾಗಿಲು ಆತು. ಕಡಿಯೋಕ ಮುಂಚೆ ಅರಣ್ಯ ಇಲಾಖಿ ಕಚೇರಿಗೆ ಅರ್ಜಿ ಹಾಕ್ರಿ. 1976ರ ಮರ ಸಂರಕ್ಷಣಾ ಕಾಯ್ದೆ ನಮ್ಮ ಸ್ವಂತ ಹೊಲದ ಮರಕ್ಕೂ ಹತ್ತತೈತಿ, ಕೆಲವು ಜಾತಿಗೆ ಮಾತ್ರ ವಿನಾಯಿತಿ. ಕೇಳಿ ಕಡೀರಿ, ಕಡದು ಕೇಳಬ್ಯಾಡ್ರಿ. ಮತ್ತ ಒಂದು ಕಡದ್ರ ಐದು ಹಚ್ರಿ, ಮೊಮ್ಮಕ್ಕಳಿಗೂ ಬಾಗಿಲು ಬೇಕು.

ಎಣ್ಣಿ ಬಗ್ಗೆ ಒಂದು ಮಾತು. ಪಾಲಿಶ್ ಮಿಂಚು ಎರಡು ಬ್ಯಾಸಿಗಿಗೆ ಎದ್ದು ಹೋಗತೈತಿ, ಅಗಸಿ ಎಣ್ಣಿ ವರ್ಷಕ್ಕೊಮ್ಮೆ ಮಳಿಗಾಲದ ಮುಂಚೆ ಒರೆಸಿದ್ರ ಸಾಕು. ನೆತ್ತಿ, ಬುಡ, ಬೀಗ ಕೊರದ ತೂತು, ಎಲ್ಲಾದಕ್ಕೂ ಹಚ್ರಿ. ಒರೆಸಿದ ಅರಿವೀನ ಮುದ್ದಿ ಮಾಡಿ ಮೂಲಿಗೆ ಒಗೀಬ್ಯಾಡ್ರಿ, ತಾನಾ ಕಾದು ಹೊತ್ತಿಕೊಳ್ಳೋ ಎಣ್ಣಿ ಅದು. ಬಿಚ್ಚಿ ಬಿಸಿಲಿಗೆ ಒಣಹಾಕ್ರಿ, ಇಲ್ಲಾ ನೀರಾಗ ಅದ್ದಿ ಬಿಸಾಕ್ರಿ. ಕದದ ಕೆಳಗ ಅರ್ಧ ಇಂಚು ಸಂದಿ ಬಿಡ್ರಿ. ಮ್ಯಾಲೆ ಎರಡಡಿ ಛಜ್ಜಾ ಹಾಕಿಸ್ರಿ. ಹತ್ತು ಸಾವಿರದ ಪಾಲಿಶ್ ಮಾಡದ ಕೆಲಸ ಆ ಛಜ್ಜಾ ಮಾಡತೈತಿ.

ಕಳ್ಳರ ಮಾತು ಬಿಟ್ಟಿದ್ದೆ. "ಸ್ಟೀಲ್ ಆದ್ರ ಸೇಫು" ಅಂತಾರ. ಹತ್ತಿ ಮಾರಿದ ರೊಕ್ಕ ಮನ್ಯಾಗಿದ್ದಾಗ ಎಲ್ಲಾರಿಗೂ ಎದಿ ಹೊಡಕೊಳ್ಳತೈತಿ, ಅದು ಸಹಜ. ಆದರ ಕಳ್ಳ ಮೀಟೋದು ಕದದ ನಡುವ ಅಲ್ಲ, ಚೌಕಟ್ಟು ಗ್ವಾಡಿ ಕೂಡೋ ಜಾಗದಾಗ, ಬೀಗದ ಹತ್ತಿರ. ಚೌಕಟ್ಟಿಗೆ ಒಂದೊಂದು ಕಡೆ ಮೂರು ಕಬ್ಬಿಣದ ಹೋಲ್ಡ್‌ಫಾಸ್ಟ್ ಹಾಕಿ ಸಿಮೆಂಟಿನ್ಯಾಗ ಹೂಳಬೇಕು. ಬಾಳ ಮನ್ಯಾಗ ಎರಡಾ ಇರ್ತಾವ, ಕೆಲವು ಕಡೆ ಬರೇ ಮೊಳಿ. ಮ್ಯಾಲಾಗಿ ಹಿತ್ತಲ ಬಾಗಿಲು ನಿಮ್ಮದು ಯಾವುದು? ಮುಂದ 40,000, ಹಿಂದ ತಗಡು. ಕಳ್ಳ ಬೀಗರಲ್ಲ, ಮುಂದಿನ ಬಾಗಿಲಾಗಾ ಬರಬೇಕು ಅನ್ನೋ ಮರ್ಯಾದಿ ಅವನಿಗಿಲ್ಲ.

ಇನ್ನೊಂದು ಮಾತು ಸರ್ಕಾರಿ ಮನಿ ಕಟ್ಟೋರಿಗೆ. ಪ್ರಧಾನಮಂತ್ರಿ ಆವಾಸ್ ಗ್ರಾಮೀಣದಾಗ ನಮ್ಮಂಥ ಬಯಲು ಪ್ರದೇಶಕ್ಕ ಕೊಡೋದು 1.20 ಲಕ್ಷ. ಅದರಾಗ 25 ಚದರ ಮೀಟರಿಗೆ ಕಡಿಮಿ ಇಲ್ಲದ ಮನಿ ಎಬ್ಬಿಸಬೇಕು. ಆ ರೊಕ್ಕದ ಮೂರನೇ ಒಂದು ಪಾಲು ತಲಬಾಗಿಲಿಗೆ ಸುರುವಿದೋರನ್ನ ನಾನು ಕಂಡೀನಿ. ಒಳಗ ಗಿಲಾವು ಇಲ್ಲ, ಶೌಚಕ್ಕ ಬಾಗಿಲಿಲ್ಲ, ಹೆಣ್ಮಕ್ಕಳು ಸೀರಿ ಕಟ್ಟಿಕೊಂಡಾರ. ಮುಂದ ನವಿಲು ಕುಣೀತೈತಿ. ಇದಕ್ಕ ಏನಂತೀರಿ? "ನಾಕು ಮಂದಿ ಏನಂತಾರ" ಅಂತ ಕೇಳ್ತಾರ. ಆ ನಾಕು ಮಂದ್ಯಾಗ ಒಬ್ಬ ನಾನು. ನಾನು ಏನೂ ಅನ್ನಂಗಿಲ್ಲ, ಶೌಚಕ್ಕ ಬಾಗಿಲು ಹಾಕಿಸ್ರಿ.

ಕುರುವತ್ತಿಗೆ ಹೋದಾಗ ಮಲ್ಲಿಕಾರ್ಜುನನ ಗುಡಿ ಬಾಗಿಲವಾಡ ನೋಡೀರಿ, ನಾವೆಲ್ಲಾ ಕೈಮುಗಿದು ದಾಟಿ ಹೋಗ್ತೀವಿ, ನಿಂತು ನೋಡಂಗಿಲ್ಲ. ಚಾಲುಕ್ಯರ ಕಾಲದ್ದು, ಒಂಬತ್ತುನೂರು ವರ್ಷದ ಹಿಂದಿನ ಕಲ್ಲು. ಹಿರೇಹಡಗಲಿ, ಮಾಗಳದ ಗುಡಿಯೊಳಗೂ ಅಂಥವ ಅದಾವ. ನಮ್ಮ ಸೀಮಿಯವರು ಬಾಗಿಲವಾಡ ಹೆಂಗಿರಬೇಕು ಅಂತ ಪ್ಯಾಟಿ ಫೋಟೋ ನೋಡಿ ಕಲಿಬೇಕಾದ ಮಂದಿ ಆಗಿರಲಿಲ್ಲ. ಆ ಶಿಲ್ಪಿಗಳು ಚೌಕಟ್ಟಿಗೆ ಎಷ್ಟು ಕೆಲಸ ಇಟ್ಟಾರ ನೋಡ್ರಿ. ನಾವು ಕದಕ್ಕ ಬಡಕೋತೀವಿ, ಚೌಕಟ್ಟನ್ನ ಗುತ್ತಿಗೆದಾರನ ಕೈಗೆ ಬಿಡ್ತೀವಿ. ಕದ ಕೆಟ್ರ ಇಂಜಸ್ ಬಿಚ್ಚಿ ಬ್ಯಾರೆ ಹಾಕಬಹುದು. ಚೌಕಟ್ಟು ಕೆಟ್ರ ಗ್ವಾಡಿ ಒಡೀಬೇಕು.

ನನ್ನ ಮಾವನ ಮಗನ ಕೊನೇ ಪ್ರಶ್ನೆ: "ಒಣಗೋ ತನಕ ಏನು ಮಾಡ್ಲಿ? ಬೀಗರು ಬಂದ್ರ ಗೋಣಿಚೀಲ ಕಟ್ಲಾ?" ನ್ಯಾಯವಾದ ಪ್ರಶ್ನೆ. ದಪ್ಪ ಒಂದಿಂಚಿಗೆ ಒಂದು ವರ್ಷ ಅಂತ ಹಳೇ ಲೆಕ್ಕ. ನಮ್ಮ ಬಿಸಿಲ ನಾಡಿನ್ಯಾಗ ಎರಡು ಬ್ಯಾಸಿಗಿ ಕಂಡ್ರ ಸಾಕು ಅಂತಾನ ನಮ್ಮ ಬಡಿಗೇರ. ಯಾರ ಹತ್ತಿರ ಕಾಯೋ ಕಟ್ಟಿಗಿ ಇಲ್ಲೋ, ಅವರು ಹಳೇ ಮನಿ ಬಿಚ್ಚೋ ಜಾಗಕ್ಕ ಹೋಗ್ರಿ. ಐವತ್ತು-ಅರವತ್ತು ವರ್ಷ ಒಣಗಿದ ತೊಲಿ, ಜಂತಿ ಸುಡೋ ಕಟ್ಟಿಗಿ ರೇಟಿಗೆ ಹೋಗ್ತಾವ. ಮೊಳಿ ಕಿತ್ತು, ಹುಳ ಹತ್ತಿದ್ದು ಬಿಟ್ಟು, ರಂದಾ ಹೊಡೆಸಿದ್ರ ಒಳಗ ಹೊಸದಾ ಕಟ್ಟಿಗಿ. ಅದಕ್ಕಿಂತ ಒಣಗಿದ್ದು ಯಾವ ಅಂಗಡ್ಯಾಗೂ ಸಿಗಂಗಿಲ್ಲ. ಅದೂ ಸಿಗಲಿಲ್ಲ ಅಂದ್ರ ಈಗ ಚೌಕಟ್ಟು ಒಂದು ಗಟ್ಟಿ ನಿಲ್ಲಿಸಿ, ಕದಕ್ಕ ಸಾದಾ ತಗಡಿನ ಬಾಗಿಲು ಹಾಕಿ ಎರಡು ವರ್ಷ ದೂಡ್ರಿ. ಬೀಗರು ಊಟಕ್ಕ ಬರ್ತಾರ, ಬಾಗಿಲು ತಿನ್ನಾಕ ಬರಂಗಿಲ್ಲ. ಅವನು ಇನ್ನೂ ಹೂಂ ಅಂದಿಲ್ಲ. ಅವರಪ್ಪ ಹಳೇ ತೊಲಿ ನೋಡಾಕ ಹೊಳಲಿಗೆ ಹೋಗಿ ಬಂದಾನಂತ ಕೇಳೀನಿ.

ನಾನು ಹೋದ ಪುಷ್ಯದಾಗ ಪರವಾನಗಿ ತಗೊಂಡು ಒಂದು ಬೇವು ಕಡಿಸೀನಿ. ಹಲಗಿ ಎಲ್ಲಾ ದನದ ಕೊಟ್ಟಿಗಿ ಅಟ್ಟದ ಮ್ಯಾಲೆ ಅದಾವ, ತುದಿಗೆ ಸೀಳಬಾರದಂತ ಬಣ್ಣ ಬಳದೀನಿ. ಚೌಕಟ್ಟಿನ ದಪ್ಪದ್ದೇ ಒಂದಡಿ ತುಂಡು ಬ್ಯಾರೆ ಇಟ್ಟು ಅದರ ತುದಿಗೂ ಬಣ್ಣ ಹಚ್ಚಿ, ತಿಂಗಳಿಗೊಮ್ಮೆ ಕಿರಾಣಿ ಅಂಗಡಿ ತಕ್ಕಡ್ಯಾಗ ತೂಗ್ತೀನಿ. ತೂಕ ಇಳಿಯೋದು ನಿಂತಾಗ ಒಣಗಿತು ಅಂತ ಲೆಕ್ಕ, ಮಷೀನೂ ಬ್ಯಾಡ. ಕಡದಾಗ 3 ಕೆಜಿ 100 ಗ್ರಾಂ ಇತ್ತು. ದೀಪಾವಳಿಗೆ 2 ಕೆಜಿ 480. ನಿನ್ನೆ 2 ಕೆಜಿ 430. ಗ್ವಾಡಿ ಮ್ಯಾಲೆ ಸುಣ್ಣದ ಕಡ್ಡಿಲೆ ಬರದೀನಿ, ನಮ್ಮ ಅವ್ವ ಓದಾಕ ಬರದಿದ್ರೂ ದಿನಾ ಹೋಗಿ ನೋಡಿ ಬರ್ತಾಳ. "ಇನ್ನೂ ಎಷ್ಟು ನೀರೈತೋ ಅದರಾಗ?" ಅಂತಾಳ. ಇನ್ನೊಂದು ಬ್ಯಾಸಿಗಿ ಬೇಕು ಯವ್ವಾ ಅಂತೀನಿ. ಅಲ್ಲಿ ತನಕ ನಮ್ಮ ತಲಬಾಗಿಲಿಗೆ ತಗಡು ಐತಿ, ಹಗಲೆಲ್ಲಾ ತೆರದಾ ಇರತೈತಿ, ನೋಡಾಕ ಬರೋರು ಬರ್ರಿ.